‘ಫೋಟೋ ಪರವಾಗಿಲ್ಲ, ಫ್ಲಾಶ್ ಬೇಡ’ – ಇದನ್ನು ಬೋರ್ಡಿನಲ್ಲಿ ಹೇಗೆ ಬರೆಯುವುದು?

ಎಲ್ಲರಿಗೂ ನಮಸ್ಕಾರ. ಅವಸರದ ಪ್ರಶ್ನೆ, ನಾಳೆ ಸಂಜೆಯೊಳಗೆ ಅಚ್ಚಿಗೆ ಕೊಡಬೇಕು. ಹಳೆಯ ಗುಡಿ, ಚರ್ಚು, ಮಸೀದಿ, ಬೌದ್ಧ ಗುಹೆಗಳಲ್ಲಿ ಫೋಟೋ ತೆಗೆಯುವ ಪ್ರವಾಸಿಗರಿಗಾಗಿ ಒಂದು ಚಿಕ್ಕ ಕೈಪಿಡಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಅದರ ಕೊನೆಯಲ್ಲಿ ಬೋರ್ಡುಗಳ ಮಾದರಿ ಇದೆ. ತೊಡಕು ಇರುವುದು ಅಲ್ಲೇ.

ನಿಯಮ ಎಲ್ಲ ಕಡೆ ಒಂದೇ ಅಲ್ಲ. ವ್ಯಾಟಿಕನ್ನಿನ ಸಿಸ್ಟೀನ್ ಚಾಪೆಲ್‌ನಲ್ಲಿ ಫೋಟೋ ತೆಗೆಯುವ ಹಾಗೇ ಇಲ್ಲ. ತಾಜ್ ಮಹಲ್‌ನಲ್ಲಿ ಹೊರಗೆ ತೆಗೆಯಬಹುದು, ಗೋರಿ ಇರುವ ಒಳಭಾಗದಲ್ಲಿ ಬೇಡ. ಅಜಂತಾದಲ್ಲಿ ಫೋಟೋಗೆ ಅಡ್ಡಿಯಿಲ್ಲ, ಫ್ಲಾಶ್ ಮಾತ್ರ ಬೇಡ. ಈ ಮೂರನೆಯದಕ್ಕೆ ನನ್ನ ಕರಡು ‘ಫ್ಲಾಶ್ ಛಾಯಾಗ್ರಹಣ ನಿಷೇಧಿಸಲಾಗಿದೆ’. ಓದಿದವರು ಫೋಟೋನೇ ತೆಗೆಯಬಾರದು ಅಂತ ತಿಳಿದುಕೊಳ್ಳುತ್ತಿದ್ದಾರೆ. ಫ್ಲಾಶ್, ಟ್ರೈಪಾಡ್ ಎರಡಕ್ಕೂ ಕನ್ನಡ ಪದ ಬೇಕಾ, ಹಾಗೇ ಬಿಡಲಾ? ವಾಕ್ಯ ಹೇಗಿರಬೇಕು?

---

ಮರುಉತ್ತರ:

ಮೊದಲು ಆ ‘ಛಾಯಾಗ್ರಹಣ’ ಕಿತ್ತುಹಾಕಿ. ಫೋಟೋ ಅನ್ನುವುದರ ಮೂಲ ಗ್ರೀಕ್, ಅದರ ಅರ್ಥ ಬೆಳಕು. ಛಾಯೆ ಅಂದರೆ ನೆರಳು. ಬೆಳಕಿನ ಕೆಲಸಕ್ಕೆ ನೆರಳಿನ ಹೆಸರು ಯಾಕೆ? ಅದೂ ಒಂದು ಇಂಗ್ಲಿಷ್ ಪದ, ಒಂದು ಸಂಸ್ಕೃತ ಪದ ಸೇರಿಸಿ ಸಮಾಸ ಮಾಡಿದ್ದೀರಿ. ಇದರಲ್ಲಿ ಕನ್ನಡ ಎಲ್ಲಿದೆ? ಸಂಸ್ಕೃತ ಪದಕ್ಕೆ ಕನ್ನಡ ಪದ ಅಂಟಿಸುವ ಅರಿಸಮಾಸಕ್ಕಿಂತಲೂ ಕಡೆ.

ಫೋಟೋಗೆ ‘ತಿಟ್ಟ’ ಇದೆ. ಫ್ಲಾಶ್‌ಗೆ ‘ಮಿಂಚುಬೆಳಕು’. ಟ್ರೈಪಾಡ್‌ಗೆ ‘ಮುಕ್ಕಾಲಿ’, ಅದನ್ನು ಯಾರೂ ಹೊಸದಾಗಿ ಹುಟ್ಟಿಸಬೇಕಾಗಿಯೂ ಇಲ್ಲ. ‘ಮಿಂಚುಬೆಳಕು ಹಾಕಿ ತಿಟ್ಟ ತೆಗೆಯಬಾರದು’. ಮುಗಿಯಿತು.

---

ಮರುಉತ್ತರ:

> ಛಾಯೆ ಅಂದರೆ ನೆರಳು.

ಅರ್ಧ ನಿಘಂಟು ನೋಡಿ ಬರೆಯಬೇಡಿ. ಛಾಯೆಗೆ ನೆರಳು ಅನ್ನುವುದು ಒಂದು ಅರ್ಥ. ಪ್ರತಿಬಿಂಬ, ಕಾಂತಿ, ಬಣ್ಣ ಇವೂ ಅದರ ಅರ್ಥಗಳೇ. ನಾಟಕಗಳಲ್ಲಿ ಬರುವ ಪ್ರಾಕೃತದ ಮಾತಿಗೆ ಕೆಳಗೆ ಕೊಡುವ ಸಂಸ್ಕೃತ ರೂಪಕ್ಕೂ ಛಾಯೆ ಅಂತಲೇ ಹೆಸರು. ಅಂದರೆ ಮೂಲವನ್ನು ಹೋಲುವ ಇನ್ನೊಂದು ರೂಪ. ಫೋಟೋಗೆ ಇದಕ್ಕಿಂತ ಚೆನ್ನಾಗಿ ಹೊಂದುವ ಪದ ಯಾವುದಿದೆ?

ನೆರಳು ಅಂತಲೇ ಇಟ್ಟುಕೊಂಡರೂ ತಪ್ಪಿಲ್ಲ. ಇಂಗ್ಲೆಂಡಿನ ವಿಜ್ಞಾನಿ ಹರ್ಷೆಲ್ ಫೋಟೋಗ್ರಫಿ ಅನ್ನುವ ಪದವನ್ನು ವಿದ್ವಾಂಸರ ಮುಂದಿಟ್ಟದ್ದು 1839ರಲ್ಲಿ. ಅದೇ ವರ್ಷ, ಫೋಟೋ ತೆಗೆಯುವ ವಿಧಾನ ಕಂಡುಹಿಡಿದವರಲ್ಲಿ ಒಬ್ಬನಾದ ಟಾಲ್ಬಟ್ ತನ್ನ ಪ್ರಬಂಧದಲ್ಲಿ ಈ ಕೆಲಸವನ್ನು ನೆರಳನ್ನು ಹಿಡಿದು ನಿಲ್ಲಿಸುವ ಕಲೆ ಅಂತ ಕರೆದಿದ್ದ. ಕಂಡುಹಿಡಿದವರಿಗೇ ನೆರಳು ಅಂತ ತೋಚಿದ್ದನ್ನು ನಮ್ಮವರು ಛಾಯಾಚಿತ್ರ ಅಂದರೆ ನಿಮಗೆ ಯಾಕೆ ನೋವು?

ಅರಿಸಮಾಸ ಅಂತ ಹೆದರಿಸುವುದೂ ಬೇಡ. ‘ಗರ್ಭಗುಡಿ’ ಏನು? ಗರ್ಭ ಸಂಸ್ಕೃತ, ಗುಡಿ ಕನ್ನಡ. ಅದನ್ನು ಯಾವ ಬೋರ್ಡಿನಿಂದ ಅಳಿಸುತ್ತೀರಿ? ಅರಿಸಮಾಸ ಸಲ್ಲದು ಎಂದ ಕೇಶಿರಾಜನೇ ಬಿರುದುಗಳಿಗೂ ಹಿಂದಿನವರ ಪ್ರಯೋಗಗಳಿಗೂ ವಿನಾಯಿತಿ ಕೊಟ್ಟಿದ್ದಾನೆ. 13ನೇ ಶತಮಾನದ ವೈಯಾಕರಣನಿಗಿದ್ದ ಉದಾರತೆ ಈಗ ನಮಗಿಲ್ಲ.

‘ತಿಟ್ಟ’ದ ಬಗ್ಗೆ ಒಂದೇ ಮಾತು. ಓದುವವರಿಗೆ ತಿಟ್ಟು ಅಂದರೆ ದಿಬ್ಬ, ಇಲ್ಲವೇ ಯಕ್ಷಗಾನದ ತೆಂಕುತಿಟ್ಟು, ಬಡಗುತಿಟ್ಟು. ಬೋರ್ಡಿಗೆ ನಡೆಯುವುದಿಲ್ಲ.

---

ಮರುಉತ್ತರ:

ಇಬ್ಬರೂ ನಾಮಪದಕ್ಕೇ ಅಂಟಿಕೊಂಡಿದ್ದೀರಿ. ಕೇಳಿದವರಿಗೆ ತೊಂದರೆ ಆಗಿರುವುದು ಕ್ರಿಯಾಪದದಲ್ಲಿ. ನನ್ನ ಕೆಲಸವೇ ಬೋರ್ಡು ಬರೆಸುವುದು, ಹಾಗಾಗಿ ಹೇಳುತ್ತೇನೆ.

‘ಮಿಂಚುಬೆಳಕು ಹಾಕಿ ತಿಟ್ಟ ತೆಗೆಯಬಾರದು’ ಕಾಗದದ ಮೇಲೆ ಸರಿ. ಬೋರ್ಡಿನ ಅಗಲ ಸಾಲದೆ ಅದು ಎರಡು ಸಾಲಾದಾಗ ನೋಡಿ. ಮೇಲಿನ ಸಾಲು ‘ಮಿಂಚುಬೆಳಕು ಹಾಕಿ’. ‘ಹಾಕಿಕೊಂಡು’ ಅನ್ನುವ ಅರ್ಥದ ಭೂತನ್ಯೂನವೂ ಅದೇ, ‘ಹಾಕಿರಿ’ ಅನ್ನುವ ವಿಧಿಯ ಬಹುವಚನವೂ ಅದೇ. ಬೆಳಕು ಹಾಕಿರಿ ಅಂತ ನಾವೇ ಹೇಳಿದ ಹಾಗಾಯಿತು. ದೂರದಿಂದ ಬರುವವರ ಕಣ್ಣಿಗೆ ಮೊದಲು ಬೀಳುವುದು ಆ ಸಾಲೇ ಅಲ್ವಾ? ಇಂಥ ಕಡೆ ‘ಹಾಕಿ’, ‘ಹಚ್ಚಿ’, ‘ಬಳಸಿ’ ಯಾವುದೂ ಸಾಲಿನ ಕೊನೆಗೆ ಬರಬಾರದು.

ಎರಡನೆಯದು ‘ನಿಷೇಧಿಸಲಾಗಿದೆ’. ಕಣ್ಣು ಅದರ ಮೇಲೆ ಬಿದ್ದ ಕೂಡಲೇ ಹಿಂದಿನದೆಲ್ಲ ನಿಷೇಧ ಅಂತ ಮನಸ್ಸು ತೀರ್ಮಾನ ಮಾಡುತ್ತದೆ, ‘ಫ್ಲಾಶ್’ ಅನ್ನುವ ವಿಶೇಷಣ ಅಲ್ಲೇ ಕಳೆದುಹೋಗುತ್ತದೆ. ಅದಕ್ಕೇ ನಿಮ್ಮ ಓದುಗರು ಪೂರ್ತಿ ಬಂದ್ ಅಂದುಕೊಂಡದ್ದು. ಬಿಟ್ಟಿರುವುದನ್ನು ಮೊದಲು ಹೇಳಿ, ತಡೆದಿರುವುದನ್ನು ಆಮೇಲೆ ಹೇಳಿ, ಎರಡು ಬೇರೆ ವಾಕ್ಯ ಮಾಡಿ:

ಫೋಟೋ ತೆಗೆಯಬಹುದು.
ಫ್ಲಾಶ್ ಹಾಕಬೇಡಿ.

ಒಳಗೆ ಮಾತ್ರ ತಡೆ ಇರುವ ಕಡೆ ‘ಇಲ್ಲಿಂದ ಒಳಗೆ ಫೋಟೋ ತೆಗೆಯಬೇಡಿ’. ಆ ‘ಇಲ್ಲಿಂದ’ ಬಿಡಬೇಡಿ, ಬೋರ್ಡಿನ ಬೆಲೆ ಇರುವುದೇ ಅದರಲ್ಲಿ. ಗೋಡೆಗೆ ಚಿತ್ರಪಟ ತೂಗುಹಾಕಿದ್ದರೆ ಅದರ ಪಕ್ಕ ಈ ಬೋರ್ಡು ಬೇಡ. ‘ತೆಗೆ’ ಅಂದರೆ ಕಳಚು ಅಂತಲೂ ಆಗುತ್ತದೆ.

ಫ್ಲಾಶ್ ಪದ ಹಾಗೇ ಇರಲಿ. ಈಗ ಜಾಸ್ತಿ ಜನ ಫೋಟೋ ತೆಗೆಯುವುದು ಫೋನಿನಲ್ಲಿ, ಅದು ಆಟೋಗೆ ಇಟ್ಟಿದ್ದರೆ ಕತ್ತಲಲ್ಲಿ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಅವರು ಅದನ್ನು ಆಫ್ ಮಾಡಬೇಕಾದ ಜಾಗದಲ್ಲಿ ಫೋನು ತೋರಿಸುವುದು ‘ಫ್ಲಾಶ್’ ಅಂತ. ನಾವು ‘ಮಿಂಚುಬೆಳಕು’ ಅಂತ ಬರೆದರೆ ಏನನ್ನು ಆಫ್ ಮಾಡಲಿ ಅಂತ ಹುಡುಕುತ್ತಾ ನಿಲ್ಲುತ್ತಾರೆ. ಅಷ್ಟರಲ್ಲಿ ಪ್ರಾರ್ಥನೆಗೆ ಕೂತವರ ಮುಖಕ್ಕೆ ಬೆಳಕು ಹೊಡೆದಿರುತ್ತದೆ.

ಸಿಸ್ಟೀನ್ ಬಗ್ಗೆ ಬರೆಯುವಾಗ ಫ್ಲಾಶ್ ಒಂದನ್ನೇ ಕಾರಣ ಮಾಡಬೇಡಿ. 1980ರಿಂದ 1994ರವರೆಗೆ ಅಲ್ಲಿನ ಭಿತ್ತಿಚಿತ್ರಗಳನ್ನು ಶುಚಿಗೊಳಿಸುವ ದೊಡ್ಡ ಕೆಲಸ ನಡೆಯಿತು. ಹಣ ಕೊಟ್ಟದ್ದು ಜಪಾನಿನ ನಿಪ್ಪಾನ್ ಟೆಲಿವಿಷನ್, ಬದಲಿಗೆ ಫೋಟೋ ಮತ್ತು ವಿಡಿಯೊ ತೆಗೆಯುವ ಹಕ್ಕು ಅವರಿಗೆ ಮಾತ್ರ ಸಿಕ್ಕಿತು. ಆ ಹಕ್ಕಿನ ಅವಧಿ ಮುಗಿದ ಮೇಲೂ ನಿಷೇಧ ಉಳಿಯಿತು. ಅಲ್ಲಿಗೆ ‘ಫೋಟೋ, ವಿಡಿಯೊ ತೆಗೆಯಬೇಡಿ’ ಅಂದರೆ ಸಾಕು.

---

ಮರುಉತ್ತರ:

ಹೀಗೆ ಒಂದೊಂದನ್ನೇ ಬಿಟ್ಟುಕೊಡುತ್ತಾ ಹೋಗಿ. ಫ್ಲಾಶ್ ಬಿಟ್ಟಿರಿ, ಆಫ್ ಬಿಟ್ಟಿರಿ, ಬೋರ್ಡು ಬಿಟ್ಟಿರಿ. ಕೊನೆಗೆ ಕನ್ನಡದ್ದು ಅಂತ ಉಳಿಯುವುದು ‘ಬೇಡಿ’ ಒಂದೇ. ಜನಕ್ಕೆ ಗೊತ್ತಿಲ್ಲ ಅನ್ನುತ್ತೀರಿ. ಬರೆಯದೇ ಇದ್ದರೆ ಗೊತ್ತಾಗುವುದು ಹೇಗೆ? ಮೊದಲ ಸಲ ಓದುವಾಗ ಯಾವ ಪದವೂ ಹೊಸದೇ.

---

ಮರುಉತ್ತರ:

ಆ ‘ಬೇಡಿ’ಯನ್ನು ಕಡಿಮೆ ಅಂದುಕೊಳ್ಳಬೇಡಿ ಸರ್. ವಾಕ್ಯ ಕನ್ನಡವಾಗುವುದೇ ಅಲ್ಲಿ. ಕುರ್ಚಿ ಅರಬ್ಬಿಯಿಂದ ಬಂತು, ಮುಕ್ಕಾಲಿ ನಮ್ಮದು, ಎರಡೂ ಒಂದೇ ಮನೆಯಲ್ಲಿವೆ. ಹೊಸ ಪದ ಕಲಿಸುವುದಕ್ಕೆ ಪುಸ್ತಕ ಇದೆ, ಪತ್ರಿಕೆ ಇದೆ. ಗುಹೆಯ ಬಾಗಿಲಲ್ಲಿ ನಿಂತವರಿಗೆ ಪಾಠ ಹೇಳುವುದು ಬೇಡ.

---

ಮರುಉತ್ತರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೋರ್ಡಿಗೆ ಆ ಎರಡು ವಾಕ್ಯಗಳನ್ನೇ ಹಾಕುತ್ತೇನೆ. ಟ್ರೈಪಾಡ್‌ಗೆ ಕೈಪಿಡಿಯ ಒಳಗೆ ಮೊದಲ ಸಲ ‘ಟ್ರೈಪಾಡ್, ಅಂದರೆ ಕ್ಯಾಮರಾ ಇಡುವ ಮುಕ್ಕಾಲಿ’ ಅಂತ ಬರೆದು, ಆಮೇಲೆ ಮುಕ್ಕಾಲಿ ಅಂತಲೇ ಮುಂದುವರಿಸುತ್ತೇನೆ. ಬೋರ್ಡಿನಲ್ಲಿ ಮಾತ್ರ ಟ್ರೈಪಾಡ್. ಬರೀ ಮುಕ್ಕಾಲಿ ಅಂದರೆ ಕೂರುವ ಮಣೆ ತರಬಾರದು ಅಂತ ವಯಸ್ಸಾದವರು ಓದಿಕೊಳ್ಳುತ್ತಾರೆ. ಇನ್ನು ‘ಫೋಟೋ’, ‘ಫೋಟೊ’ ಯಾವುದು ಸರಿ? ಕರಡು ತಿದ್ದುವವರು ಕೇಳುತ್ತಿದ್ದಾರೆ.

---

ಮರುಉತ್ತರ:

ಮುಕ್ಕಾಲಿಗೆ ಒಪ್ಪಿಗೆ. ಕೊನೆಯಲ್ಲಿ ಹ್ರಸ್ವ ಸಾಕು, ‘ಫೋಟೊ’. ವಿಡಿಯೊ ಅಂತ ಹ್ರಸ್ವ ಬರೆದು ಫೋಟೋ ಅಂತ ದೀರ್ಘ ಎಳೆಯುವುದು ಸರಿಯಲ್ಲ. ಪುಸ್ತಕದ ಒಳಗಾದರೂ ‘ಮಿಂಚುಬೆಳಕು’ ಒಂದು ಸಲ ಬರಲಿ.