ಕೆರೆ ಏರಿ ಹಿಂದಿನ ಶೆಡ್‌ಗಳಿಗೆ ನೀರು: ಇವತ್ತು ಏನು ಬೇಕು, ಏನು ಬೇಡ

3ನೇ ಅಡ್ಡರಸ್ತೆ, ಮನೆ 18:
ಏರಿ ಹಿಂದಿನ ತಗಡಿನ ಶೆಡ್‌ಗಳಿಗೆ ರಾತ್ರಿ ಮಳೆನೀರು ನುಗ್ಗಿದೆ. 22 ಮನೆ, 31 ಮಕ್ಕಳು, ಅದರಲ್ಲಿ 13 ಐದು ವರ್ಷದೊಳಗಿನವು. ಯಾದಗಿರಿ, ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ಕೆಲಸ ನಿಂತಿದೆ, ಕೂಲಿ ಇಲ್ಲ. ಅಕ್ಕಿ ಮೂಟೆ ಕೊಡ್ತೀವಿ ಅಂದವರು ಎರಡು ದಿನ ತಡೀರಿ. ಸೌದೆ ಒದ್ದೆ, ಒಲೆ ಹತ್ತಲ್ಲ. ಬೇಯಿಸದೆ ತಿನ್ನೋದು ಬೇಕು. ನಾಲ್ಕು ಜನರ ಮನೆಗೆ ಮೂರು ದಿನಕ್ಕೆ ತೆಳು ಅವಲಕ್ಕಿ 2 ಕೆಜಿ, ಹುರಿಗಡಲೆ 1 ಕೆಜಿ, ಹುರಿದ ಶೇಂಗಾ ಅರ್ಧ ಕೆಜಿ, ಬೆಲ್ಲ 1 ಕೆಜಿ, ಬಾಳೆಹಣ್ಣು ಎರಡು ಡಜನ್, ಜೊತೆಗೆ 20 ಲೀಟರ್ ನೀರಿನ ಕ್ಯಾನ್ ಎರಡು.

2ನೇ ಮುಖ್ಯರಸ್ತೆ, ಮನೆ 7:
ಹಳೇ ಬಟ್ಟೆ ಬೇಡವೇ ಬೇಡ. ಒಣಗಿಸೋಕೆ ಜಾಗ ಇಲ್ಲ, ಮೂಲೆಯಲ್ಲಿ ಕೊಳೆಯುತ್ತೆ. ಮಕ್ಕಳು ಮಲಗೋಕೆ ನಾಲ್ಕು ಸಾಲಿಡ್ ಬ್ಲಾಕ್ ಇಟ್ಟು ಮೇಲೆ ಸೆಂಟ್ರಿಂಗ್ ಪ್ಲೈವುಡ್ ಹಾಕಿದರೆ ಸಾಕು, ನಡುವೆ ಬಗ್ಗದ ಹಾಗೆ ಐದನೇ ಬ್ಲಾಕ್ ಒಂದು. ಎರಡೂ ಅವರ ಸೈಟಲ್ಲೇ ಬಿದ್ದಿವೆ, ಮೇಸ್ತ್ರಿಯನ್ನ ಕೇಳಬೇಕು ಅಷ್ಟೆ.

5ನೇ ಅಡ್ಡರಸ್ತೆ, ಮನೆ 33:
ಹಸುಗೂಸುಗಳಿಗೆ ಹಾಲಿನ ಪುಡಿ ಡಬ್ಬ, ಫೀಡಿಂಗ್ ಬಾಟಲ್ ಹತ್ತು ಸೆಟ್ ನಾನು ಕೊಡ್ತೀನಿ.

1ನೇ ಅಡ್ಡರಸ್ತೆ, ಮನೆ 4:
ಬೇಡ ಮೇಡಂ, ತಪ್ಪು ತಿಳೀಬೇಡಿ. ಅವನ್ನ ಅನಾಥಾಲಯ ಬಿಟ್ಟು ಬೇರೆ ಯಾರಿಗೂ ದಾನ ಕೊಡೋ ಹಾಗಿಲ್ಲ, 1992ರ ಕಾಯ್ದೆ ಇದೆ. ಕಾನೂನು ಹಾಗಿರಲಿ, ಈ ನೀರಲ್ಲಿ ಬಾಟಲ್ ತೊಳೆದರೆ ಭೇದಿ ಗ್ಯಾರಂಟಿ. ಮೊಲೆಯೂಡಿಸೋ ತಾಯಂದಿರಿಗೆ ಒಂದು ಪಾಲು ಶೇಂಗಾ, ಬೆಲ್ಲ ಜಾಸ್ತಿ ಹಾಕಿ.
ಆ ದುಡ್ಡಲ್ಲಿ ಓಆರ್‌ಎಸ್ ತನ್ನಿ, ಭೇದಿಯಾದಾಗ ನೀರಲ್ಲಿ ಕಲಸಿ ಕುಡಿಸೋ ಉಪ್ಪು-ಸಕ್ಕರೆ ಪುಡಿ. ದೊಡ್ಡ ಪೊಟ್ಟಣ 1 ಲೀಟರಿಗೆ, ಚಿಕ್ಕದು 200 ಎಂಎಲ್‌ಗೆ. ದೊಡ್ಡದನ್ನ ಒಂದೇ ಲೋಟಕ್ಕೆ ಸುರಿದು ಕುಡಿಸೋದೇ ಎಲ್ಲ ಕಡೆ ಆಗೋ ಎಡವಟ್ಟು. ಉಪ್ಪು ವಿಪರೀತ ಆಗಿ ಮಗುವಿಗೆ ಇನ್ನೂ ಕೆಡುತ್ತೆ. ಅದಕ್ಕೇ ಪ್ರತಿ ದೊಡ್ಡ ಪೊಟ್ಟಣಕ್ಕೂ ಒಂದು ಲೀಟರಿನ ಬಾಟಲ್ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ ಕೊಡಿ. ಕಲಸಿದ್ದು 24 ಗಂಟೆ ದಾಟಿದರೆ ಚೆಲ್ಲಬೇಕು. ಆಶಾ ಕಾರ್ಯಕರ್ತೆಯನ್ನ ಕರೆದುಕೊಂಡು ಹೋದರೆ ಝಿಂಕ್ ಮಾತ್ರೆಯನ್ನೂ ಅವರೇ ಕೊಡ್ತಾರೆ.

3ನೇ ಅಡ್ಡರಸ್ತೆ, ಮನೆ 18:
ಕಿಟ್ ಮುಗಿದ ಮೇಲೆ?

1ನೇ ಅಡ್ಡರಸ್ತೆ, ಮನೆ 4:
ಅಂಗನವಾಡಿ. ಮೂರರಿಂದ ಆರು ವರ್ಷದವರಿಗೆ ಅಲ್ಲೇ ಊಟ, ಆರು ತಿಂಗಳಿಂದ ಮೂರು ವರ್ಷದವರಿಗೆ ಮನೆಗೆ ಒಯ್ಯೋ ಆಹಾರ. ವಲಸೆ ಬಂದವರೂ ಇದಕ್ಕೆ ಅರ್ಹರು, ತಾಯಿ ಕಾರ್ಡ್ ಇದ್ದರೆ ಕೈಯಲ್ಲಿರಲಿ. ಮಕ್ಕಳ ತೋಳು ಅಳೆಯೋ ಪಟ್ಟಿಯೂ ಅಲ್ಲಿದೆ. ಆರು ತಿಂಗಳಿಂದ ಐದು ವರ್ಷದ ಮಕ್ಕಳ ಎಡತೋಳಿನ ಮಧ್ಯಭಾಗದ ಸುತ್ತಳತೆ 11.5 ಸೆಂ.ಮೀ.ಗಿಂತ ಕಮ್ಮಿ ಬಂದರೆ ಅದು ತೀವ್ರ ಅಪೌಷ್ಟಿಕತೆ. ಬಾಳೆಹಣ್ಣು ಕೊಟ್ಟು ಸುಮ್ಮನಾಗಬಾರದು, ಅವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರ್ಕೊಂಡು ಹೋಗಿ. ಪಟ್ಟಿ ಬಿಗಿದು ಎಳೆದರೆ ಅಳತೆ ತಪ್ಪುತ್ತೆ, ಚರ್ಮಕ್ಕೆ ತಾಗಿದರೆ ಸಾಕು.

2ನೇ ಮುಖ್ಯರಸ್ತೆ, ಮನೆ 7:
ರೇಷನ್ ಕಾರ್ಡ್ ಊರಿಂದು ಆದರೂ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ತಗೋಬಹುದು. ತೊಂದರೆ ಬರೋದು ಹೆಬ್ಬೆಟ್ಟಲ್ಲಿ. ಸಿಮೆಂಟು ಕಲಸಿ ಕಲಸಿ ಬೆರಳಿನ ಗೆರೆ ಸವೆದಿರುತ್ತೆ, ಮಷೀನ್ ಹಿಡಿಯಲ್ಲ. ಬೇರೆ ಬೆರಳು ಇಡಿಸಿ, ಆಗದಿದ್ದರೆ ಕಾರ್ಡಲ್ಲಿ ಹೆಸರಿರೋ ಇನ್ನೊಬ್ಬರನ್ನ ಕರ್ಕೊಂಡು ಹೋಗಿ.

4ನೇ ಅಡ್ಡರಸ್ತೆ, ಮನೆ 21:
ಹಂಚುವಾಗ ಮಕ್ಕಳ ಫೋಟೊ ತೆಗೆದು ಈ ಗ್ರೂಪಲ್ಲಿ ಹಾಕಬೇಡಿ. ಲೆಕ್ಕಕ್ಕೆ ಬಿಲ್ಲಿನ ಫೋಟೊ ಸಾಕು.

6ನೇ ಅಡ್ಡರಸ್ತೆ, ಮನೆ 12:
ಅಯ್ಯೋ, ನಾನು ದಪ್ಪ ಅವಲಕ್ಕಿ 10 ಕೆಜಿ ತಂದುಬಿಟ್ಟೆನಲ್ಲ.

3ನೇ ಅಡ್ಡರಸ್ತೆ, ಮನೆ 18:
ಇರಲಿ ಆಂಟಿ. ನೆನೆಸೋಕೆ ಒಳ್ಳೇ ನೀರು ಬೇಕಲ್ಲ, ಕ್ಯಾನ್ ತಲುಪಿದ ಮೇಲೆ ಅದನ್ನ ಕೊಡೋಣ. ಸಂಜೆ 4ಕ್ಕೆ ಪಾರ್ಕ್ ಗೇಟ್ ಹತ್ತಿರ ಪೊಟ್ಟಣ ಕಟ್ಟೋದು, ತಕ್ಕಡಿ ಇದ್ದವರು ತನ್ನಿ.