ಘಟ್ಟದ ಮೇಲೆ ಬೆಟ್ಟ ಬೋಳಾದರೆ ಕೆಳಗೆ ನೆರೆ ಹೆಚ್ಚುತ್ತದೆಯೇ?

ಕತಗಾಲದ ಹೊಳೆಬದಿಯವ:
ಚಂಡಿಕಾ ಹೊಳೆ ಉಕ್ಕಿ ಕುಮಟಾ-ಶಿರಸಿ ರಸ್ತೆ ಬಂದಾಗುವುದು ನಮಗೆ ಹೊಸದಲ್ಲ. ಆದರೆ ಈಗೀಗ ಒಂದೆರಡು ತಾಸು ಜೋರು ಹೊಯ್ದರೂ ಸಾಕು, ನೀರು ಕೆಂಪಾಗಿ ಏರಿಬಿಡುತ್ತದೆ. ಬೇಸಿಗೆಗೆ ನೋಡಿದರೆ ಬಾವಿಯ ತಳ ಕಾಣುತ್ತದೆ. ಕಾಳಿ ಹೊಳೆ ಬದಿಯವರಾದರೆ ತಪ್ಪನ್ನು ಕದ್ರಾ ಅಣೆಕಟ್ಟಿನ ಗೇಟಿನ ಮೇಲೆ ಹಾಕುತ್ತಾರೆ, 2019ರ ಆಗಸ್ಟ್‌ನ ನೆರೆಯಲ್ಲಿ ಹಾಕಿದ್ದರು. ನಮ್ಮ ಚಂಡಿಕಾ ಸೇರುವ ಅಘನಾಶಿನಿಗೆ ಅಣೆಕಟ್ಟೇ ಇಲ್ಲ. ಹಾಗಾದರೆ ಘಟ್ಟದ ಮೇಲಿನವರನ್ನು ಬೈಯೋಣವೇ?

ಶಿರಸಿಯ ತೋಟಿಗ:
ಬೈಯಿರಿ ಮಾರಾಯ್ರೆ, ಆದರೆ ಪೂರ್ತಿ ನಮ್ಮ ತಲೆಗೇ ಕಟ್ಟಬೇಡಿ.

ಮರ ಎಷ್ಟಿದೆ ಅನ್ನುವುದಕ್ಕಿಂತ ಮರದಡಿಯ ನೆಲ ಹೇಗಿದೆ ನೋಡಬೇಕು. ಕಾನಿನೊಳಗೆ, ಅಂದರೆ ದಟ್ಟ ಹಸಿರು ಕಾಡಿನೊಳಗೆ, ದರಕಿನ (ಉದುರಿದ ಒಣ ಎಲೆಯ) ಕೆಳಗೆ ಮಣ್ಣು ಸಡಿಲ. ಬೇರು, ಗೆದ್ದಲು, ಎರೆಹುಳು ಮಾಡಿದ ದಾರಿಯಲ್ಲಿ ಮಳೆ ಇಳಿದುಹೋಗುತ್ತದೆ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದಲ್ಲಿ ವರ್ಷಾ ವರ್ಷಾ ದರಕು ಗುಡಿಸಿ, ಮೇಲಿಂದ ದನ ಬಿಟ್ಟರೆ ಅದೇ ನೆಲ ಅಂಗಳದ ಹಾಗೆ ಗಟ್ಟಿ. ಮರ ನಿಂತಿರುತ್ತದೆ, ನೀರು ಜಾರುತ್ತದೆ. ಬೇಣಕ್ಕೆ (ಹುಲ್ಲುಗಾವಲಿಗೆ) ಹಾಕಿದ ಅಕೇಶಿಯಾ ಬೋಳು ನೆಲಕ್ಕಿಂತ ವಾಸಿ, ಕಾನಿಗೆ ಸಮವಲ್ಲ. ನೀರಿನ ಅಧ್ಯಯನ ಮಾಡುವ ವಿಜ್ಞಾನಿಗಳಾದ ಜಗದೀಶ್ ಕೃಷ್ಣಸ್ವಾಮಿ, ಮೈಕ್ ಬೊನೆಲ್ ಮುಂತಾದವರು ನಮ್ಮ ಉತ್ತರ ಕನ್ನಡ ಜಿಲ್ಲೆಯ ಹಳ್ಳಗಳಲ್ಲಿ ಅಳೆದದ್ದೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ.

ಇಷ್ಟೆಲ್ಲ ನಡೆಯುವುದು ಸಣ್ಣ, ಮಧ್ಯಮ ಮಳೆಗೆ. ನಾಲ್ಕೈದು ದಿನ ಬಿಡದೆ ಹೊಯ್ದು ನೆಲ ತುಂಬಿದ ಮೇಲೆ ಕಾನಿಗೂ ಬೇಣಕ್ಕೂ ದೊಡ್ಡ ವ್ಯತ್ಯಾಸ ಉಳಿಯುವುದಿಲ್ಲ. ಯಲ್ಲಾಪುರದ ಕಾಡು ಹಾದು ಬರುವ ಬೇಡ್ತಿಯೇ ಅಲ್ಲವೇ 2019ರಲ್ಲೂ 2021ರಲ್ಲೂ ಗಂಗಾವಳಿಯಾಗಿ ಅಂಕೋಲೆ ಕಡೆ ಮನೆಗಳಿಗೆ ನುಗ್ಗಿದ್ದು? 2021ರಲ್ಲಿ ಗುಡ್ಡ ಜಾರಿದ ಯಲ್ಲಾಪುರ ತಾಲೂಕಿನ ಕಳಚೆಯಲ್ಲೂ ಹಸಿರಿಗೇನು ಬರವಿರಲಿಲ್ಲ.

ನಿಮ್ಮ ಕೆಂಪುನೀರಿನ ಬಗ್ಗೆ ನನ್ನ ಗುಮಾನಿ ಬೇರೆ. ರಸ್ತೆಗೆಂದು ಜೆಸಿಬಿ ನೇರಕ್ಕೆ ಕೊರೆದ ಗುಡ್ಡ, ಅದರ ಬುಡದ ಗಟಾರ. ಮಣ್ಣಿನೊಳಗೆ ನಿಧಾನ ಬರುತ್ತಿದ್ದ ನೀರನ್ನು ಅಡ್ಡಗಟ್ಟಿ ನೇರ ಹಳ್ಳಕ್ಕೆ ಬಿಡುತ್ತದೆ. ಹೂಳು ಬಂದು ಹೊಳೆಯ ಪಾತ್ರವೂ ಏರುತ್ತದೆ.

ತದಡಿ ಕಡೆಯವಳು:
ಕೆಳಗಿನದ್ದೂ ಸ್ವಲ್ಪ ಹೇಳಿ ಅಣ್ಣ! ಅಮಾವಾಸ್ಯೆ, ಹುಣ್ಣಿಮೆಯ ಭರತ (ಸಮುದ್ರದ ಉಬ್ಬರ) ಏರುವ ಹೊತ್ತಿಗೇ ಮೇಲಿನ ನೀರು ಬಂದರೆ ನಮ್ಮಲ್ಲಿ ಹೊಳೆ ಸಮುದ್ರಕ್ಕೆ ಇಳಿಯುವುದೇ ಇಲ್ಲ. ಮೊದಲು ಗಜನಿಯಲ್ಲಿ (ಅಳಿವೆ ಬದಿಯ ತಗ್ಗು ಉಪ್ಪುನೀರಿನ ಗದ್ದೆಯಲ್ಲಿ) ಹರಡಿಕೊಳ್ಳುತ್ತಿತ್ತು. ಗಜನಿ ತುಂಬಿಸಿ ಕಟ್ಟಡ ಎಬ್ಬಿಸಿದರೆ ಅದಕ್ಕೂ ಶಿರಸಿಯವರನ್ನು ಬೈಯಲಿಕ್ಕೆ ಆಗುತ್ತದೆಯೇ?

ಶಿರಸಿಯ ತೋಟಿಗ:
ಸರಿಯೇ, ತಂಗಿ. ಕತಗಾಲದವರೇ, ಮುಂದಿನ ಮಳೆಗೆ ಹೊಳೆಯನ್ನು ಬಿಟ್ಟು ಅದಕ್ಕೆ ಸೇರುವ ಹಳ್ಳಗಳನ್ನು ಒಂದೊಂದಾಗಿ ನೋಡಿ. ಯಾವುದು ಮೊದಲು ಏರುತ್ತದೆ, ಯಾವುದು ಕೆಂಪು, ಯಾವುದು ತಿಳಿ.

ಕತಗಾಲದ ಹೊಳೆಬದಿಯವ:
ಸೇತುವೆಗಳ ಕಂಬಕ್ಕೆ ಬಣ್ಣದ ಗುರುತು ಹಾಕಿ ಹುಡುಗರ ಕೈಯಲ್ಲಿ ಫೋಟೋ ತೆಗೆಸುತ್ತೇನೆ. ಘಟ್ಟದ ರಸ್ತೆ ಬದಿಯಿಂದ ಬರುವ ಹಳ್ಳದಿಂದಲೇ ಶುರು.