ಅಪ್‌ಡೇಟ್: ಇಂಗ್ಲೆಂಡಿನಲ್ಲಿ ಲ್ಯಾಬ್ ಕೆಲಸ ಸಿಕ್ಕಿತು

ಮೈಸೂರಿನ ಮೈಕ್ರೋಬಯಾಲಜಿ ಬಿಎಸ್ಸಿ ಇಟ್ಟುಕೊಂಡು ಇಲ್ಲಿ ಬಯೋಮೆಡಿಕಲ್ ಸೈಂಟಿಸ್ಟ್ (ಆಸ್ಪತ್ರೆ ಲ್ಯಾಬ್‌ನಲ್ಲಿ ರೋಗಿಗಳ ರಕ್ತ ಇತ್ಯಾದಿ ಪರೀಕ್ಷೆ ಮಾಡುವವರು) ಆಗೋದು ಹೇಗೆ ಅಂತ ಮೂರು ವಾರದ ಹಿಂದೆ ಕೇಳಿದ್ದೆನಲ್ಲ, ಅದರ ಕಥೆ ಇದು. ತುಂಬಾ ಜನ ಹೇಳಿದ್ದ ಎನ್‌ಎಚ್‌ಎಸ್‌ನ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) 3 ವರ್ಷದ ಸೈಂಟಿಸ್ಟ್ ಟ್ರೈನಿಂಗ್ ಆಗಲಿಲ್ಲ; ಅದು ಕ್ಲಿನಿಕಲ್ ಸೈಂಟಿಸ್ಟ್ ಅನ್ನೋ ಬೇರೆ ಹುದ್ದೆಗೆ. ಸಂಬಳ ಕೊಟ್ಟು ಎಂಎಸ್ಸಿನೂ ಮಾಡಿಸ್ತಾರೆ ನಿಜ, ಆದರೆ ವರ್ಷಕ್ಕೊಮ್ಮೆ ಅರ್ಜಿ, ಗಡುವು ಆಗಲೇ ಮುಗಿದಿತ್ತು.

ಕೈಹಿಡಿದದ್ದು "ಮೊದಲು ಲ್ಯಾಬ್ ಅಸಿಸ್ಟೆಂಟ್ ಆಗಿ ಸೇರಿಕೊಳ್ಳಿ" ಅಂದವರ ಸಲಹೆ. ಇಂಟರ್‌ವ್ಯೂನಲ್ಲಿ ರಕ್ತದ ಟ್ಯೂಬ್, ಫಾರ್ಮ್ ಎರಡೂ ಕೊಟ್ಟು ತಪ್ಪು ಹುಡುಕಿ ಅಂದರು. ಹುಟ್ಟಿದ ದಿನಾಂಕದಲ್ಲಿ ಒಂದೇ ಅಂಕಿ ಬೇರೆ! ಅಷ್ಟಕ್ಕೇ ಸ್ಯಾಂಪಲ್ ವಾಪಸ್ಸಂತೆ.

ಡಿಗ್ರಿಯನ್ನು ಐಬಿಎಂಎಸ್‌ಗೆ (ಬಯೋಮೆಡಿಕಲ್ ಸೈಂಟಿಸ್ಟ್‌ಗಳ ವೃತ್ತಿ ಸಂಸ್ಥೆ) ಪರಿಶೀಲನೆಗೆ ಕಳಿಸಿದ್ದೇನೆ. ಕಡಿಮೆ ಬಿದ್ದ ವಿಷಯಗಳನ್ನು ಓದಿ, ಲ್ಯಾಬ್‌ನಲ್ಲೇ ಪೋರ್ಟ್‌ಫೋಲಿಯೋ (ಕೆಲಸ ಕಲಿತದ್ದಕ್ಕೆ ಪುರಾವೆಗಳ ಕಡತ) ಮುಗಿಸಿ, ಆಮೇಲೆ ಎಚ್‌ಸಿಪಿಸಿ (ಇಂಥ ಆರೋಗ್ಯ ವೃತ್ತಿಗಳ ನಿಯಂತ್ರಣ ಸಂಸ್ಥೆ) ನೋಂದಣಿ. ಅದಿಲ್ಲದೆ ಬಯೋಮೆಡಿಕಲ್ ಸೈಂಟಿಸ್ಟ್ ಅಂತ ಸುಮ್ನೆ ಹೇಳಿಕೊಳ್ಳುವುದೂ ಕಾನೂನು ಪ್ರಕಾರ ತಪ್ಪಂತೆ, ನನಗೆ ಗೊತ್ತೇ ಇರಲಿಲ್ಲ. ಸೋಮವಾರ ಡ್ಯೂಟಿ ಶುರು.